ಅಜ್ಜಿಯ ಟಿವಿ, ನಮ್ಮ ನಾಲ್ಕಿಂಚಿನ ಗೋಡೆ

ನನ್ನ ಹೆಂಡತಿ ನರ್ಸ್. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಮಲಗುತ್ತಾಳೆ. ಅದೇ ಹೊತ್ತಿಗೆ ಗೋಡೆಯಾಚೆ ಪಕ್ಕದ ಮನೆ ಅಜ್ಜಿಯ ಟಿವಿ ಶುರು. ಅವರಿಗೆ ಕಿವಿ ಮಂದ, ತಪ್ಪು ಅವರದಲ್ಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45. ಆದರೆ ಅಲ್ಲಿ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ನನ್ನ ಹೆಂಡತಿಯ ರಾತ್ರಿ ಅದರಲ್ಲಿ ಇಲ್ಲ.

ಮೊದಲು ಗೋಡೆಗೆ ಫೋಮ್ ಶೀಟ್ ಅಂಟಿಸಿದೆ. ದುಡ್ಡು ಸುಮ್ನೆ ಹೋಯಿತು. ಫೋಮ್ ನಮ್ಮ ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತದೆ ಅಷ್ಟೆ. ಆಚೆಯಿಂದ ಬರುವ ಸದ್ದು ತಡೆಯಲು ಭಾರ ಬೇಕು, ಫೋಮ್‌ಗೆ ಭಾರವೇ ಇಲ್ಲ.

ಆಮೇಲೆ ಗೋಡೆಗೆ ಕಿವಿ ಇಟ್ಟು ಹುಡುಕಿದೆ. ಸ್ವಿಚ್ ಬೋರ್ಡ್ ಹತ್ತಿರ ಸೀರಿಯಲ್ಲಿನ ಮಾತು ಒಂದೊಂದೂ ಸ್ಪಷ್ಟ! ಎರಡೂ ಮನೆಯ ಬಾಕ್ಸ್ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದವು, ನಡುವೆ ಸಿಮೆಂಟೇ ಇರಲಿಲ್ಲ. ಗೋಡೆ ಬೀಮ್‌ಗೆ ಸೇರುವಲ್ಲಿ ಉದ್ದಕ್ಕೂ ಒಂದು ಬಿರುಕು. ಎಲೆಕ್ಟ್ರಿಷಿಯನ್ ಕರೆಸಿ ಬಾಕ್ಸನ್ನು ಬೇರೆ ಗೋಡೆಗೆ ಸಾಗಿಸಿ ಹಳೇ ತೂತು ಗಾರೆಯಿಂದ ಮುಚ್ಚಿಸಿದೆ. ಬಿರುಕಿಗೆ ಅಕ್ರಿಲಿಕ್ ಸೀಲೆಂಟ್ ತುಂಬಿದೆ. ಇಷ್ಟಕ್ಕೇ ಎಷ್ಟೋ ವಾಸಿಯಾಯಿತು. ಗೋಡೆಗೆ ದುಡ್ಡು ಸುರಿಯುವ ಮೊದಲು ಈ ಕೆಲಸ ಮಾಡಿ ನೋಡಿ.

ಉಳಿದದ್ದಕ್ಕೆ ಹಳೇ ಗೋಡೆಯ ಮುಂದೆ ಇನ್ನೊಂದು ಗೋಡೆ ನಿಲ್ಲಿಸಿದೆವು. ಒಂದಿಂಚು ಜಾಗ ಬಿಟ್ಟು 50 ಎಂಎಂ ಜಿಐ (ಸತು ಲೇಪಿಸಿದ ಉಕ್ಕಿನ) ಫ್ರೇಮ್, ಒಳಗೆ ರಾಕ್‌ವೂಲ್ ಅನ್ನುವ ಕಲ್ಲಿನ ಎಳೆಗಳ ಹಾಸು, ಮೇಲೆ 12.5 ಎಂಎಂ ಜಿಪ್ಸಮ್ ಬೋರ್ಡ್ ಎರಡು ಪದರ. ಮೊದಲ ಪದರದ ಜಾಯಿಂಟ್ ಮೇಲೆ ಎರಡನೆಯದರ ಜಾಯಿಂಟ್ ಬರಬಾರದು. ಫ್ರೇಮ್ ನೆಲಕ್ಕೆ, ಸೀಲಿಂಗ್‌ಗೆ ತಾಗುವಲ್ಲಿ ರಬ್ಬರ್ ಪಟ್ಟಿ. ಅಂಚಿನ ಸಂದಿಗೆಲ್ಲ ಸೀಲೆಂಟ್. ಕೋಣೆ ನಾಲ್ಕಿಂಚು ಚಿಕ್ಕದಾಯಿತು. ರಾಕ್‌ವೂಲ್ ಮೈಗೆ ತಾಗಿದರೆ ಕೆರೆತ, ಗ್ಲೌಸ್, ಮಾಸ್ಕ್ ಬೇಕೇ ಬೇಕು.

ಒಂದು ಕಡೆ ನಾನು ಜಗ್ಗಲಿಲ್ಲ. ಕೆಲಸದವರು "ಸಾರ್, ಹಳೇ ಗೋಡೆಗೆ ನಾಲ್ಕು ಸ್ಕ್ರೂ ಹೊಡೆದ್ರೆ ಗಟ್ಟಿ ನಿಲ್ಲತ್ತೆ" ಅಂದರು. "ಬೇಡ ಅಣ್ಣ, ಒಂದೂ ಬೇಡ" ಅಂದೆ. ಎರಡು ಗೋಡೆ ಒಂದಕ್ಕೊಂದು ತಾಗಬಾರದು ಅನ್ನುವುದೇ ಇದರ ಗುಟ್ಟು. ಸ್ಕ್ರೂ ತಾಗಿದರೆ ಸದ್ದು ಅದನ್ನೇ ಹಿಡಿದು ಈಚೆ ಬರುತ್ತದೆ.

ಕೆಲಸ ಶುರುವಾಗುವ ಹಿಂದಿನ ದಿನ, ಡ್ರಿಲ್ ಸದ್ದು ಆಗತ್ತೆ ಅಂತ ಹೇಳಲು ಅಜ್ಜಿ ಮನೆಗೆ ಹೋದೆ. ನೋಡಿದರೆ ಟಿವಿಯನ್ನು ನಮ್ಮ ಗೋಡೆಗೇ ಬೋಲ್ಟ್ ಹಾಕಿ ಕೂರಿಸಿದ್ದರು. ವಿಷಯ ಹೇಳಿದೆ. "ಮೊದಲೇ ಹೇಳಬಾರದಿತ್ತೇನಪ್ಪಾ? ಪಾಪ, ಆ ಮಗು ನಿದ್ದೆಗೆಟ್ಟು ಬಂದಿರತ್ತೆ" ಅಂದರು. ಇಬ್ಬರೂ ಸೇರಿ ಟಿವಿಯನ್ನು ಎದುರುಗಡೆ ಸ್ಟ್ಯಾಂಡ್ ಮೇಲೆ ಇಟ್ಟೆವು.

ಈಗ ಮಾತು ಒಂದೂ ಕೇಳಿಸುವುದಿಲ್ಲ. ಅವರ ಮಿಕ್ಸಿ ಹಾಕಿದಾಗ ಮಾತ್ರ ಸ್ಲ್ಯಾಬ್ ಮೂಲಕ ಸಣ್ಣಗೆ ಗುಂಯ್ ಅನ್ನುತ್ತದೆ. ಅಜ್ಜಿ ಅದರ ಅಡಿಗೂ ದಪ್ಪ ಮ್ಯಾಟ್ ಹಾಸಿದ್ದಾರೆ, ನಾನು ಕೇಳದೆಯೇ.