ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆಯೇ? ಡಿಸ್ಕ್ ಬದಲಿಸುವ ಮೊದಲು ಹಬ್ ನೋಡಿ

ಹೆದ್ದಾರಿಯಲ್ಲಿ ಗಂಟೆಗೆ 80–90 ಕಿಲೋಮೀಟರ್ ವೇಗದಲ್ಲಿ ಕಾರು ನೆಟ್ಟಗೆ, ಸದ್ದಿಲ್ಲದೆ ಓಡುತ್ತಿರುತ್ತದೆ. ಮುಂದೆ ಟೋಲ್ ಗೇಟ್ ಕಂಡು ಬ್ರೇಕ್ ಮೇಲೆ ಕಾಲಿಟ್ಟ ಕೂಡಲೇ ಸ್ಟೀರಿಂಗ್ ಅಂಗೈಯೊಳಗೆ ಎಡಕ್ಕೂ ಬಲಕ್ಕೂ ಅದುರತೊಡಗುತ್ತದೆ. ವೇಗ ತಗ್ಗಿದಂತೆ ಅದುರುವುದೂ ನಿಧಾನವಾಗಿ, ಕಾರು ನಿಲ್ಲುವ ಹೊತ್ತಿಗೆ ಇಲ್ಲವಾಗುತ್ತದೆ. ಗ್ಯಾರೇಜಿನಲ್ಲಿ ಇದನ್ನು ಹೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಡಿಸ್ಕ್ ಬೆಂಡ್ ಆಗಿದೆ ಸರ್, ಚೇಂಜ್ ಮಾಡಬೇಕು’ ಎಂಬುದು. ಈ ಉತ್ತರ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಚಕ್ರದೊಂದಿಗೆ ತಿರುಗುವ ಬೀಡು ಕಬ್ಬಿಣದ ಡಿಸ್ಕ್ ಊಟದ ತಟ್ಟೆಯಂತೆ ಸೊಟ್ಟಗಾಗುವುದು ಅಪರೂಪ. ಹೆಚ್ಚಿನ ಸಂದರ್ಭಗಳಲ್ಲಿ ಡಿಸ್ಕ್, ಚಕ್ರವನ್ನೂ ತನ್ನನ್ನೂ ಹೊತ್ತು ತಿರುಗುವ ನಡುಭಾಗವಾದ ಹಬ್‌ನ ಮೇಲೆ ಸಪಾಟಾಗಿ ಕೂತಿರುವುದಿಲ್ಲ, ಹಾಗಾಗಿ ತಿರುಗುವಾಗ ತಲೆಗೂದಲಿನ ದಪ್ಪದಷ್ಟು ಅತ್ತಿತ್ತ ಓಲಾಡುತ್ತದೆ. ಬ್ರೇಕ್ ಒತ್ತದೆ ಇದ್ದಾಗಲೂ ಹೊರಳಿ ಬರುವ ಅದೇ ಜಾಗ ಪ್ರತಿ ಸುತ್ತಿಗೂ, ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಪ್ಯಾಡಿಗೆ ಉಜ್ಜಿ ಉಜ್ಜಿ ಅಲ್ಲಿ ಮಾತ್ರ ಸವೆಯುತ್ತದೆ. ಕೆಲವು ಸಾವಿರ ಕಿಲೋಮೀಟರ್ ಕಳೆಯುವಷ್ಟರಲ್ಲಿ ಡಿಸ್ಕ್‌ನ ದಪ್ಪ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಎಂಬಂತಾಗುತ್ತದೆ. ದಪ್ಪ ಭಾಗ ಪ್ಯಾಡುಗಳ ನಡುವೆ ಬಂದಾಗ ಹಿಡಿತ ಬಿಗಿಯಾಗುತ್ತದೆ, ತೆಳು ಭಾಗ ಬಂದಾಗ ಸಡಿಲವಾಗುತ್ತದೆ. 14 ಅಂಗುಲದ ಚಕ್ರವಿರುವ ಸಣ್ಣ ಕಾರಿನ ಚಕ್ರ 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 12 ಸುತ್ತು ಹಾಕುತ್ತದೆ. ಈ ಬಿಗಿ–ಸಡಿಲದ ಆಟವೇ, ಚಕ್ರವನ್ನು ಸ್ಟೀರಿಂಗಿಗೆ ಜೋಡಿಸುವ ಟೈ ರಾಡ್ ಮೂಲಕ ಕೈಗೆ ಬರುವ ನಡುಕ. ಕಾದ ಪ್ಯಾಡಿನ ಮಸಿ ಡಿಸ್ಕ್‌ನ ಒಂದೇ ಜಾಗದಲ್ಲಿ ಮೆತ್ತಿಕೊಂಡರೂ ಇದೇ ಫಲ.

ನನ್ನ ಹಳೆಯ ಹ್ಯಾಚ್‌ಬ್ಯಾಕಿಗೆ ಒಂದು ಗ್ಯಾರೇಜಿನಲ್ಲಿ ಎರಡೂ ಹೊಸ ಡಿಸ್ಕ್ ಹಾಕಿಸಿದ್ದೆ. ನಾಲ್ಕು ತಿಂಗಳಿಗೆ ನಡುಕ ಮರಳಿತು. ಈ ಬಾರಿ ನಾನೇ ಬಿಚ್ಚಿ ನೋಡಿದರೆ, ಹಬ್‌ನ ಮುಖದ ಮೇಲೆ, ವೀಲ್ ನಟ್ ಕೂರುವ ಎರಡು ಸ್ಟಡ್‌ಗಳ ನಡುವೆ, ಹಪ್ಪಳದ ಚೂರಿನಂತೆ ಎದ್ದ ತುಕ್ಕಿನ ಪದರ ಹಾಗೆಯೇ ಇತ್ತು. ಹೊಸ ಡಿಸ್ಕನ್ನು ಅದರ ಮೇಲೆಯೇ ಕೂರಿಸಿದ್ದರು. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಗಾಡಿಗಳಲ್ಲಿ ಇದನ್ನು ಮೊದಲು ಶಂಕಿಸಬೇಕು.

ಮೊದಲು ರಸ್ತೆಯಲ್ಲಿ

ಬ್ರೇಕ್ ಒತ್ತದೆಯೇ ಒಂದು ನಿರ್ದಿಷ್ಟ ವೇಗದಲ್ಲಿ ನಡುಕ ಬರುತ್ತಿದ್ದರೆ ಅದು ವೀಲ್ ಬ್ಯಾಲೆನ್ಸಿಂಗ್ ಅಥವಾ ಟಯರಿನ ತೊಂದರೆ. ಡಿಸ್ಕ್ ಗೊಡವೆಗೆ ಹೋಗಬೇಡಿ. ಮಳೆಯಲ್ಲಿ ಅಥವಾ ಜಲ್ಲಿಯ ಮೇಲೆ ಜೋರಾಗಿ ಒತ್ತಿದಾಗ ಮಾತ್ರ ಪೆಡಲ್ ಗರಗರ ಎಂದು ಕಾಲನ್ನು ಹಿಂದಕ್ಕೆ ತಳ್ಳಿದರೆ ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ತನ್ನ ಕೆಲಸ ಮಾಡುತ್ತಿರುವ ಲಕ್ಷಣ, ದೋಷವಲ್ಲ. ಸ್ಟೀರಿಂಗ್ ಅದುರಿದರೆ ಮುಂದಿನ ಚಕ್ರ, ಸ್ಟೀರಿಂಗ್ ಸುಮ್ಮನಿದ್ದು ಸೀಟು ಮತ್ತು ಪೆಡಲ್ ಮಾತ್ರ ಅದುರಿದರೆ ಹಿಂದಿನದು ಎಂಬುದು ಸ್ಥೂಲವಾದ ಲೆಕ್ಕ. ಖಚಿತಪಡಿಸಿಕೊಳ್ಳಲು, ಹಿಂದೆ ಮುಂದೆ ಯಾರೂ ಇಲ್ಲದ ನೇರ, ಒಣ ರಸ್ತೆಯಲ್ಲಿ 40ರ ವೇಗದಲ್ಲಿ, ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದುಕೊಂಡೇ ಲಿವರನ್ನು ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಆಗಲೂ ಅದುರಿದರೆ ಹಿಂದಿನ ಡ್ರಮ್ಮನ್ನು ನೋಡಿಸಬೇಕು. ಗುಂಡಿಯಿಂದ ಚಲಾಯಿಸುವ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇರುವ ಕಾರಿನಲ್ಲಿ ಈ ಪರೀಕ್ಷೆ ಕೂಡದು.

ಗಾಡಿ ಎತ್ತಿದ ಮೇಲೆ

ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ವೀಲ್ ನಟ್‌ಗಳನ್ನು ನೆಲದ ಮೇಲಿರುವಾಗಲೇ ಕೊಂಚ ಸಡಿಲಿಸಿ, ಆಮೇಲೆ ಜ್ಯಾಕ್ ಎತ್ತಿ, ಕಡ್ಡಾಯವಾಗಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಚಕ್ರದ ಬಳಿ ತಲೆ ಹಾಕುವುದು ಹುಂಬತನ.

ಚಕ್ರ ಕಳಚುವ ಮುನ್ನ ಅದನ್ನು ಮೇಲೆ–ಕೆಳಗೆ ಹಿಡಿದು ಅಲ್ಲಾಡಿಸಿ. ಆಟವಿದ್ದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸಂಶಯಾಸ್ಪದ. ಎಡ–ಬಲಕ್ಕೆ ಮಾತ್ರ ಆಟವಿದ್ದರೆ ಟೈ ರಾಡ್ ಎಂಡ್. ಲೋವರ್ ಆರ್ಮ್ ಬುಷ್‌ನ ರಬ್ಬರ್ ಹರಿದಿದೆಯೇ ಎಂಬುದನ್ನೂ ಟಾರ್ಚ್ ಹಿಡಿದು ನೋಡಿ. ಇವು ಒಂಟಿಯಾಗಿ ಈ ನಡುಕವನ್ನು ಹುಟ್ಟಿಸುವುದು ಕಡಿಮೆ, ಆದರೆ ಡಿಸ್ಕ್‌ನ ಸಣ್ಣ ದೋಷವನ್ನು ದೊಡ್ಡದಾಗಿ ತೋರಿಸುತ್ತವೆ.

ಬಳಿಕ ಚಕ್ರ ತೆಗೆದು, ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಬಿಚ್ಚಿ. ಅದನ್ನು ಬ್ರೇಕ್ ಹೋಸ್‌ನಲ್ಲಿ ನೇತಾಡಲು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಪ್ಯಾಡಿನ ಧೂಳನ್ನು ಬಾಯಿಂದಲಾಗಲಿ ಗಾಳಿಯ ಪೈಪಿನಿಂದಲಾಗಲಿ ಊದದೆ ಬ್ರೇಕ್ ಕ್ಲೀನರ್ ಹೊಡೆದು ಒರೆಸಿ. ಕ್ಯಾಲಿಪರ್ ಸ್ಲೈಡ್ ಪಿನ್‌ಗಳು ಕೈಯಲ್ಲೇ ಜಾರಬೇಕು. ಒಂದು ಪಿನ್ ಹಿಡಿದುಕೊಂಡಿದ್ದರೆ ಒಳಪ್ಯಾಡು ಮತ್ತು ಹೊರಪ್ಯಾಡಿನ ಸವೆತದಲ್ಲಿ ಎದ್ದು ಕಾಣುವ ವ್ಯತ್ಯಾಸವಿರುತ್ತದೆ. ಪಿನ್ ಶುಚಿಗೊಳಿಸಿ ರಬ್ಬರಿಗೆ ಹಾನಿಮಾಡದ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಡಿಸ್ಕ್‌ನ ಮೇಲೆ ಪ್ಯಾಡಿನದೇ ಆಕಾರದ ಕಪ್ಪು ಅಚ್ಚು ಇದ್ದರೆ ಅದು ಮೆತ್ತಿಕೊಂಡ ಪ್ಯಾಡಿನ ಪದಾರ್ಥ, ನೀಲಿ ಬಣ್ಣದ ಕಲೆಗಳಿದ್ದರೆ ಮಿತಿಮೀರಿ ಕಾದ ಗುರುತು.

ಅಳತೆ

ಕಣ್ಣು ಇಷ್ಟನ್ನೇ ಹೇಳುತ್ತದೆ. ಉಳಿದದ್ದು ಮೈಕ್ರೋಮೀಟರಿನ ಕೆಲಸ. ಡಿಸ್ಕ್‌ನ ಹೊರ ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ, ಸಮಾನ ಅಂತರದ ಎಂಟು ಕಡೆ ದಪ್ಪ ಅಳೆದು ಸೀಮೆಸುಣ್ಣದಲ್ಲಿ ಅಲ್ಲೇ ಬರೆಯಿರಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳ ನಡುವೆ 0.02 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ನಡುಕಕ್ಕೆ ಅಷ್ಟು ಸಾಕು. ಆಮೇಲೆ ಡಿಸ್ಕನ್ನು ವಾಷರ್ ಕೊಟ್ಟ ವೀಲ್ ನಟ್‌ಗಳಿಂದ ಹಬ್‌ಗೆ ಬಿಗಿದು, ಸೂಕ್ಷ್ಮ ಓಲಾಟವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜಿನ ಮೊನೆಯನ್ನು ಅದೇ 10 ಮಿ.ಮೀ. ಒಳಗಿನ ಜಾಗಕ್ಕೆ ತಾಗಿಸಿ, ಕೈಯಿಂದ ಒಂದು ಸುತ್ತು ತಿರುಗಿಸಿ. ಮುಳ್ಳಿನ ಓಲಾಟಕ್ಕೆ ಅನೇಕ ತಯಾರಕರು ಕೊಡುವ ಮಿತಿ 0.05ರಿಂದ 0.10 ಮಿ.ಮೀ.; ನಿಮ್ಮ ಗಾಡಿಯದು ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ.

ಓಲಾಟ ಹೆಚ್ಚಿದ್ದರೆ ಡಿಸ್ಕ್ ತೆಗೆದು ಹಬ್‌ನ ಮುಖವನ್ನೂ ಡಿಸ್ಕ್‌ನ ಒಳಬದಿಯನ್ನೂ ವೈರ್ ಬ್ರಷ್ ಮತ್ತು ಎಮರಿ ಪೇಪರಿನಿಂದ, ಸ್ಟಡ್‌ಗಳ ಬುಡದವರೆಗೂ, ಲೋಹ ಹೊಳೆಯುವ ತನಕ ಉಜ್ಜಿ ಮತ್ತೆ ಅಳೆಯಿರಿ. ಇನ್ನೂ ಹೆಚ್ಚೆನಿಸಿದರೆ ಡಿಸ್ಕನ್ನು ಒಂದು ಸ್ಟಡ್‌ನಷ್ಟು ತಿರುಗಿಸಿ ಕೂರಿಸಿ ನೋಡಿ. ನಾಲ್ಕು ಸ್ಟಡ್‌ಗಳ ಹಬ್‌ನಲ್ಲಿ ಹೀಗೆ ನಾಲ್ಕು ಸ್ಥಾನಗಳು ಸಿಗುತ್ತವೆ, ಹಬ್‌ನ ತಪ್ಪು ಮತ್ತು ಡಿಸ್ಕ್‌ನ ತಪ್ಪು ಒಂದನ್ನೊಂದು ಕಳೆದುಕೊಳ್ಳುವ ಸ್ಥಾನ ಅವುಗಳಲ್ಲಿ ಒಂದಿರಬಹುದು. ಎಲ್ಲಿ ಇಟ್ಟರೂ ಹಬ್‌ನ ಒಂದೇ ಸ್ಟಡ್‌ನ ಬಳಿ ಮುಳ್ಳು ಏರುತ್ತಿದ್ದರೆ ಹಬ್ ಅಥವಾ ಬೇರಿಂಗೇ ಸೊಟ್ಟ. ಆಗ ಹೊಸ ಡಿಸ್ಕ್ ಹಾಕಿಸಿದರೆ ಹಣ ನೀರಿನಲ್ಲಿ ಹೋಮ.

ಲೇತ್ ಮೇಲೆ ಡಿಸ್ಕ್ ಕೆತ್ತಿಸಬಹುದು, ಆದರೆ ಕೆತ್ತಿದ ಮೇಲೂ ಅದರ ದಪ್ಪ ಡಿಸ್ಕ್‌ನ ಮೇಲೇ ಅಚ್ಚೊತ್ತಿರುವ ಕನಿಷ್ಠ ದಪ್ಪಕ್ಕಿಂತ ಮೇಲಿರಬೇಕು. ಗಾಡಿಯ ಮೇಲಿದ್ದಂತೆಯೇ ಕೆತ್ತುವ ಯಂತ್ರ ಇರುವ ಕಡೆ ಮಾಡಿಸಿದರೆ ಹಬ್‌ನ ಓಲಾಟವೂ ಲೆಕ್ಕಕ್ಕೆ ಬರುತ್ತದೆ. ನೀಲಿ ಕಲೆಗಳಿದ್ದರೆ ಕೆತ್ತಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆ ಜಾಗ ಗಡುಸಾಗಿ ಮತ್ತೆ ಉಬ್ಬಿ ನಿಲ್ಲುತ್ತದೆ. ಬದಲಿಸುವುದಾದರೆ ಎರಡೂ ಬದಿಯ ಡಿಸ್ಕ್, ಜೊತೆಗೆ ಹೊಸ ಪ್ಯಾಡ್.

ಮರುಜೋಡಣೆ

ಹೊಸ ಡಿಸ್ಕ್‌ಗೆ ಹಚ್ಚಿರುವ ಎಣ್ಣೆಯನ್ನು ಪೂರ್ತಿ ಒರೆಸಿ. ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಬ್ರೇಕ್ ಆಯಿಲ್ ಡಬ್ಬಿ ತುಂಬಿ ಚೆಲ್ಲೀತು, ಅದು ಪೇಂಟಿಗೆ ಬಿದ್ದರೆ ಪೇಂಟ್ ಏಳುತ್ತದೆ. ವೀಲ್ ನಟ್‌ಗಳ ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ: ಪಂಕ್ಚರ್ ಅಂಗಡಿಯ ಗಾಳಿ ಗನ್ ಒಂದು ನಟ್ಟನ್ನು ವಿಪರೀತ, ಇನ್ನೊಂದನ್ನು ಸಡಿಲ ಬಿಗಿದು ಡಿಸ್ಕನ್ನು ಎಳೆದುಬಿಡುತ್ತದೆ, ಮತ್ತೆ ಅದೇ ಓಲಾಟ. ಕೈಯಿಂದ ಕೂರಿಸಿ, ಎದುರುಬದುರಾಗಿ ಎರಡು ಹಂತಗಳಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್. 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಇದನ್ನು ಮರೆತರೆ ಮೊದಲ ಬ್ರೇಕ್ ಹಿಡಿಯುವುದೇ ಇಲ್ಲ. ಆಮೇಲೆ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಹದವಾಗಿ ವೇಗ ಇಳಿಸುವುದನ್ನು, ನಡುವೆ ತಣಿಯಲು ಬಿಡುತ್ತಾ, ಎಂಟು–ಹತ್ತು ಸಲ ಮಾಡಿ. ಪೂರ್ತಿ ನಿಲ್ಲಿಸಬೇಡಿ. ಕೊನೆಗೆ ಹತ್ತು ನಿಮಿಷ ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ.

ಘಾಟಿಯವರಿಗೆ ಇನ್ನೊಂದು ಮಾತು. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಎರಡನೇ ಗೇರಿನಲ್ಲಿ ಇಳಿಯಿರಿ. ಇಳಿದ ಕೂಡಲೇ ಚಹಾಕ್ಕೆ ನಿಲ್ಲಿಸುವುದಾದರೆ, ಕಾದ ಡಿಸ್ಕ್ ಮೇಲೆ ಪ್ಯಾಡ್ ಅಂಟಿಕೊಂಡು ಅಚ್ಚು ಬೀಳದಂತೆ ಪೆಡಲಿನಿಂದ ಕಾಲು ತೆಗೆದು, ಇಂಜಿನ್ ಆರಿಸಿ ಗಾಡಿಯನ್ನು ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಒಂದು ಕಲ್ಲು ಕೊಡಿ.