ಚೋಕ್ ತೆಗೆದ ಕೂಡಲೇ ನಿಲ್ಲುವ ವೀಡ್ ಕಟರ್: ನಾನು ಸರಿಮಾಡುವ ಕ್ರಮ

ಅಡಿಕೆ ತೋಟದಲ್ಲಿ ಮಳೆಗಾಲದ ಮೊದಲ ಸುತ್ತು ಹುಲ್ಲು ಹೊಡೆಯಲು ಇಳಿಸಿದ ವೀಡ್ ಕಟರ್ ಸ್ವಲ್ಪ ಹೊತ್ತು ಓಡಿ ಉಸಿರು ಕಟ್ಟಿದ ಹಾಗೆ ನಿಂತರೆ, ಹೆಚ್ಚಿನವರ ಕೈ ಮೊದಲು ಹೋಗುವುದು ಕಾರ್ಬೊರೇಟರಿನ ಸ್ಕ್ರೂಗಳಿಗೆ. ನನ್ನ ಕೈಗೆ ಬಂದ ಮಷೀನುಗಳಲ್ಲಿ ಆ ಸ್ಕ್ರೂ ತಿರುಗಿಸಿ ಸರಿಯಾದದ್ದು ಕಡಿಮೆ, ಕೆಟ್ಟದ್ದೇ ಜಾಸ್ತಿ. ಕಳೆದ ವರ್ಷ ಅದೇ ಸೆಟ್ಟಿಂಗಿನಲ್ಲಿ ಚೆನ್ನಾಗಿ ಓಡಿದ ಇಂಜಿನ್ನು ಈ ವರ್ಷ ನಿಲ್ಲುತ್ತಿದೆ ಎಂದರೆ ಬದಲಾದದ್ದು ಸ್ಕ್ರೂ ಅಲ್ಲ, ಪೆಟ್ರೋಲು ಬರುವ ದಾರಿ. ಹಾಗಾಗಿ ಟ್ಯಾಂಕಿನಿಂದ ಹೊರಟು ಒಂದೊಂದೇ ಜಾಗ ನೋಡುತ್ತಾ ಹೋಗುತ್ತೇನೆ. ಇಲ್ಲಿ ಹೇಳುತ್ತಿರುವುದು ಹೆಗಲಿಗೆ ಹಾಕುವ ಟೂ ಸ್ಟ್ರೋಕ್ ಮಷೀನಿನ ಬಗ್ಗೆ. ಕಾರ್ಬೊರೇಟರ್ ಡಯಾಫ್ರಾಮ್ (ಬಾಗುವ ತೆಳ್ಳನೆಯ ಪೊರೆ) ಇರುವ ಚೌಕದ ಮಾದರಿ.

ತೊಂದರೆ ಪೆಟ್ರೋಲಿನದೋ ಕರೆಂಟಿನದೋ ಎಂದು ಮೊದಲು ತಿಳಿಯಬೇಕು. ಇಂಜಿನ್ನು ನಿಂತ ಕೂಡಲೇ ಪ್ಲಗ್ ಬಿಚ್ಚಿ ನೋಡಿ. ತುದಿ ಒಣಗಿದ್ದರೆ ಪೆಟ್ರೋಲು ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಒಂದೋ ಕಿಡಿ ಇಲ್ಲ, ಇಲ್ಲವೇ ಪೆಟ್ರೋಲು ಹೆಚ್ಚಾಗಿ ನುಗ್ಗಿದೆ. ಕಿಡಿಗೆ ಕರೆಂಟು ಕೊಡುವ ಕಾಯಿಲ್ ಬಿಸಿಯಾದಾಗ ಕೈಕೊಡುವ ಮಷೀನೂ ಹೀಗೇ ನಿಂತು, ಆರಿದ ಮೇಲೆ ಮತ್ತೆ ಶುರುವಾಗುತ್ತದೆ. ಆದರೆ ಅದರ ಪ್ಲಗ್ ಒದ್ದೆ ಇರುತ್ತದೆ, ಬಿಸಿಯಲ್ಲಿ ಕಿಡಿ ಬರುವುದಿಲ್ಲ. ಒಣ ಪ್ಲಗ್ ಕಂಡರೆ ರಂಧ್ರಕ್ಕೆ ಎರಡು ಮಿ.ಲೀ.ನಷ್ಟು ಆಯಿಲ್ ಬೆರೆಸಿದ ಪೆಟ್ರೋಲು ಬಿಟ್ಟು, ಪ್ಲಗ್ ಹಾಕಿ ಹಗ್ಗ ಎಳೆಯುತ್ತೇನೆ. ಎರಡು ಸೆಕೆಂಡು ಹೊತ್ತಿ ಆರಿದರೆ ಮುಂದಿನ ಕೆಲಸವೆಲ್ಲ ಪೆಟ್ರೋಲಿನ ದಾರಿಯಲ್ಲೇ. ಹೀಗೆ ಪೆಟ್ರೋಲು ಬಿಡುವ ಕೆಲಸ ಬಯಲಲ್ಲಿ, ಇಂಜಿನ್ನು ಆರಿದ ಮೇಲೆ; ಅಡಿಕೆ ಬೇಯಿಸುವ ಒಲೆಯ ಹತ್ತಿರ ಖಂಡಿತ ಬೇಡ.

ಟ್ಯಾಂಕಿಗೆ ಗಾಳಿ ಬರಲು ಒಂದು ದಾರಿ ಇರುತ್ತದೆ, ಮುಚ್ಚಳದಲ್ಲಿ ಅಥವಾ ಪ್ರತ್ಯೇಕ ಪೈಪಿನ ತುದಿಯಲ್ಲಿ. ಒಳಕ್ಕೆ ಮಾತ್ರ ಗಾಳಿ ಬಿಡುವ ಪುಟ್ಟ ರಬ್ಬರ್ ವಾಲ್ವ್ ಅದು. ಧೂಳು, ಆಯಿಲ್ ಸೇರಿ ಅಂಟಿಕೊಂಡರೆ ಪೆಟ್ರೋಲು ಖಾಲಿಯಾದಂತೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಹತ್ತು ನಿಮಿಷದೊಳಗೆ ಇಂಜಿನ್ನು ನಿಲ್ಲುತ್ತದೆ. ನಿಂತಾಗ ಮುಚ್ಚಳ ಸಡಿಲಿಸಿ. ಸುಂಯ್ ಎಂದು ಗಾಳಿ ಒಳಗೆ ಹೋದರೆ, ಮತ್ತೆ ಶುರುವಾದರೆ ರೋಗ ಸಿಕ್ಕಿತು. ವಾಲ್ವನ್ನು ಪೆಟ್ರೋಲಿನಲ್ಲಿ ತೊಳೆದರೆ ಹೆಚ್ಚಿನ ಸಲ ಸಾಕು. ಪಿನ್ನಿನಿಂದ ಚುಚ್ಚಿ ದೊಡ್ಡದು ಮಾಡುವ ಅಭ್ಯಾಸ ಕೆಲವರಿಗಿದೆ. ಆಮೇಲೆ ಮಷೀನು ವಾಲಿದಾಗಲೆಲ್ಲ ಪೆಟ್ರೋಲು ಸೋರುತ್ತದೆ, ಅದೂ ಬಿಸಿ ಸೈಲೆನ್ಸರಿನ ಪಕ್ಕದಲ್ಲಿ.

ತಂತಿಯ ತುದಿ ಬಗ್ಗಿಸಿ ಟ್ಯಾಂಕಿನೊಳಗಿನ ಫಿಲ್ಟರನ್ನು ಹೊರಗೆಳೆಯಿರಿ. ಅದನ್ನು ತೊಳೆದು ಹಾಕುವುದರಲ್ಲಿ ಅರ್ಥವಿಲ್ಲ, ಹೊಸದೇ ಹಾಕಿ. ಪೈಪನ್ನು ಬಗ್ಗಿಸಿ ನೋಡಿದರೆ ಟ್ಯಾಂಕಿನ ರಬ್ಬರ್ ಬುಶ್ ದಾಟುವ ಜಾಗದಲ್ಲೇ ಸಾಮಾನ್ಯವಾಗಿ ಕೂದಲೆಳೆಯಂಥ ಸೀಳು ಕಾಣುತ್ತದೆ. ಟ್ಯಾಂಕ್ ತುಂಬಿದ್ದಾಗ ಸರಿಯಾಗಿ ಓಡಿ, ಅರ್ಧವಾದ ಮೇಲೆ ನಿಲ್ಲುವ ಮಷೀನಿನಲ್ಲಿ ಮೊದಲ ಅನುಮಾನ ಈ ಸೀಳಿನ ಮೇಲೆ: ಪೆಟ್ರೋಲಿನ ಬದಲು ಗಾಳಿ ಎಳೆಯುತ್ತಿರುತ್ತದೆ. ಪೈಪು ಗಟ್ಟಿಯಾಗಿ ಸೆಟೆದುಕೊಂಡಿದ್ದರೂ ಬದಲಿಸಬೇಕು. ಇಳಿಜಾರಿನಲ್ಲಿ ಮಷೀನು ವಾಲಿದಾಗ ಫಿಲ್ಟರ್ ಪೆಟ್ರೋಲಿನ ಜೊತೆ ಬಾಗದೆ ಮೇಲೇ ನಿಲ್ಲುತ್ತದೆ.

ಎರಡು ಪೈಪು ಬದಲಿಸುವಾಗ ಅದಲುಬದಲಾಗುವುದು ಮಾಮೂಲು. ಫಿಲ್ಟರ್ ಇರುವ ಪೈಪು ಹೋಗುವುದು ಕಾರ್ಬೊರೇಟರಿನ ಒಳಬಾಯಿಗೆ. ಪ್ರೈಮರ್ ಗುಳ್ಳೆಯಿಂದ (ಶುರುಮಾಡುವ ಮೊದಲು ಪೆಟ್ರೋಲು ಎಳೆಯಲು ಬೆರಳಲ್ಲಿ ಒತ್ತುವ ಗುಳ್ಳೆ) ಹೊರಡುವ ಪೈಪು ಟ್ಯಾಂಕಿಗೆ ವಾಪಸು. ಗುಳ್ಳೆ ಒತ್ತಿದಾಗ ಫಿಲ್ಟರಿನ ಕಡೆಯಿಂದ ನೊರೆ ಎದ್ದರೆ ತಿರುಗಾಮುರುಗಾ ಆಗಿದೆ ಎಂದೇ ಲೆಕ್ಕ.

ಇಷ್ಟೆಲ್ಲ ಸರಿಯಿದ್ದೂ ಚೋಕಿನಲ್ಲಿ, ಅಂದರೆ ಗಾಳಿಯ ಬಾಯಿ ಮುಚ್ಚಿದಾಗ ಓಡಿ, ಚೋಕ್ ತೆಗೆದರೆ ನಿಲ್ಲುತ್ತಿದ್ದರೆ ಕಾರ್ಬೊರೇಟರ್ ಬಿಚ್ಚಲೇಬೇಕು. ಬಿಳಿ ಬಟ್ಟೆ ಹಾಸಿ, ಒಂದೊಂದು ಪದರ ತೆಗೆದಾಗಲೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಒಂದೇ ಸ್ಕ್ರೂ ಇರುವ ಮುಚ್ಚಳದ ಕೆಳಗೆ ಪಂಪಿನ ಡಯಾಫ್ರಾಮ್, ಅದರಡಿ ನಾಣ್ಯಕ್ಕಿಂತ ಚಿಕ್ಕ ಜಾಲರಿ. ಟ್ಯಾಂಕಿನ ಫಿಲ್ಟರ್ ದಾಟಿ ಬಂದ ನುಣ್ಣನೆಯ ಕಸವೆಲ್ಲ ಸೇರುವುದು ಇಲ್ಲಿ. ಐಡಲಿನಲ್ಲಿ ಚೆನ್ನಾಗಿದ್ದು ಪೂರ್ತಿ ರೇಸ್ ಕೊಟ್ಟಾಗ ಸಾಯುವ ಮಷೀನಿನಲ್ಲಿ ಈ ಜಾಲರಿ ಕಂದು ಅಂಟಿನಿಂದ ಮುಚ್ಚಿರುವುದು ಮತ್ತೆ ಮತ್ತೆ ಸಿಗುತ್ತದೆ.

ಇನ್ನೊಂದು ಕಡೆಯ ಮುಚ್ಚಳದಡಿ ಅಳತೆಯ ಡಯಾಫ್ರಾಮ್. ಅದನ್ನು ಬೆರಳಲ್ಲಿ ಮೆಲ್ಲಗೆ ಅದುಮಿ. ಮೆತ್ತಗೆ ಬಾಗಬೇಕು, ಚರಚರ ಸದ್ದು ಬಂದರೆ, ಹಳದಿಯಾಗಿ ಸುಕ್ಕುಗಟ್ಟಿದ್ದರೆ ಅದರ ಕಾಲ ಮುಗಿದಿದೆ. ಇಂಜಿನ್ನಿನ ಸಣ್ಣ ಎಳೆತಕ್ಕೆ ಬಾಗುವಷ್ಟು ಮೃದುತ್ವ ಅದಕ್ಕಿರಬೇಕು, ಆಗಲೇ ಕೆಳಗಿನ ಲಿವರ್ ಒತ್ತಿ ನೀಡಲ್ ವಾಲ್ವ್ ತೆರೆಯುತ್ತದೆ. ಗಟ್ಟಿಯಾದರೆ ಬಾಗದು, ಪೆಟ್ರೋಲು ಬಾರದು. ಚೋಕ್ ಹಾಕಿದಾಗ ಎಳೆತ ಜೋರಾಗಿರುವುದರಿಂದ ಮಾತ್ರ ಓಡುತ್ತದೆ. ಲಿವರನ್ನು ಬಗ್ಗಿಸಬೇಡಿ, ಅದರ ಎತ್ತರ ಮಾದರಿಯಿಂದ ಮಾದರಿಗೆ ಬೇರೆ. ಅದರಡಿಯ ಸ್ಪ್ರಿಂಗ್ ಹಾರಿ ಹೋದರೆ ಹುಡುಕುವುದೇ ಒಂದು ಕೆಲಸವಾಗುತ್ತದೆ.

ತೊಳೆಯಲು ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಸಾಕು, ಆದರೆ ಎರಡೂ ಡಯಾಫ್ರಾಮ್ ತೆಗೆದಿಟ್ಟ ಮೇಲೆ. ಜೆಟ್ಟಿನ ರಂಧ್ರಕ್ಕೆ ಉಕ್ಕಿನ ತಂತಿ ಹಾಕಿದರೆ ರಂಧ್ರ ದೊಡ್ಡದಾಗುತ್ತದೆ; ವೈರಿನ ಒಂದೆಳೆ ತಾಮ್ರ ಸಾಕು. ನೀಡಲ್ ಸೋರುತ್ತಿದೆಯೇ ಎಂದು ನೋಡಲು ನಾನು ಹಳೆಯ ಬಿಪಿ ಮಾಪಕದ ಬಲ್ಬ್ ಮತ್ತು ಮುಳ್ಳಿನ ಮೀಟರ್ ಬಳಸುತ್ತೇನೆ. ಕಾರ್ಬೊರೇಟರಿನ ಒಳಬಾಯಿಗೆ ಸಿಕ್ಕಿಸಿ 250 ಮಿ.ಮೀ. ತನಕ ಏರಿಸಿದರೆ ಒಂದು ನಿಮಿಷ ಮುಳ್ಳು ಇಳಿಯಬಾರದು. ಇಳಿದರೆ ನೀಡಲ್ ಮತ್ತು ಅದು ಕೂರುವ ಜಾಗ ತೊಳೆದು ಇನ್ನೊಮ್ಮೆ ನೋಡಿ, ಮತ್ತೂ ಇಳಿದರೆ ನೀಡಲ್ ಬದಲಿಸಿ.

ಜೋಡಿಸುವಾಗ ಅಳತೆಯ ಬದಿಯಲ್ಲಿ ಮೊದಲು ಗ್ಯಾಸ್ಕೆಟ್, ಆಮೇಲೆ ಡಯಾಫ್ರಾಮ್, ಮೇಲೆ ಮುಚ್ಚಳ. ಪಂಪಿನ ಬದಿಯಲ್ಲಿ ಫೋಟೋ ನೋಡಿ ಇಡಿ. ಇನ್ನು ಕಾರ್ಬೊರೇಟರ್ ಮತ್ತು ಇಂಜಿನ್ನಿನ ನಡುವಿನ ಗ್ಯಾಸ್ಕೆಟ್. ಇದರಲ್ಲಿ ಬದಿಗೆ ಒಂದು ಚಿಕ್ಕ ತೂತಿರುತ್ತದೆ. ಕ್ರ್ಯಾಂಕ್‌ಕೇಸಿನ, ಅಂದರೆ ಪಿಸ್ಟನ್ನಿನ ಕೆಳಗಿನ ಗೂಡಿನ, ಒತ್ತಡದ ಬಡಿತ ಅದರ ಮೂಲಕ ಬಂದೇ ಪಂಪಿನ ಡಯಾಫ್ರಾಮ್ ಆಡುವುದು. ಗ್ಯಾಸ್ಕೆಟ್ ತಿರುವುಮುರುವಾಗಿ ಕೂತು ತೂತು ಮುಚ್ಚಿದರೆ, ಗುಳ್ಳೆ ಒತ್ತಿದಷ್ಟು ಪೆಟ್ರೋಲಿನಲ್ಲಿ ಕೆಲವು ಸೆಕೆಂಡು ಓಡಿ ನಿಲ್ಲುತ್ತದೆ. ಡಯಾಫ್ರಾಮ್, ಗ್ಯಾಸ್ಕೆಟ್‌ಗಳ ಹೊಸ ಕಿಟ್ ಹಾಕಿದರೂ ಆಗಲಿಲ್ಲ ಎಂದು ಬರುವ ಮಷೀನಿನಲ್ಲಿ ಮೊದಲು ನಾನು ನೋಡುವುದೇ ಇದನ್ನು.

ಪೆಟ್ರೋಲಿನದ್ದೂ ಪಾಲಿದೆ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ್ದು. ಎಥನಾಲ್ ನೀರು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ತುಂಬಿದ ಕ್ಯಾನು ಸಡಿಲ ಮುಚ್ಚಳದಲ್ಲಿ ಕೂತರೆ, ಹೀರಿದ ನೀರು ಮಿತಿ ಮೀರಿದಾಗ ಎಥನಾಲ್ ಜೊತೆ ಬೇರ್ಪಟ್ಟು ಅಡಿಗಿಳಿಯುತ್ತದೆ. ಪೆಟ್ರೋಲಿಗೆ ಬೆರೆಸಿದ ಟೂಟಿ (ಟೂ ಸ್ಟ್ರೋಕ್) ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಫಿಲ್ಟರ್ ಮಲಗಿರುವುದು ಟ್ಯಾಂಕಿನ ಅಡಿಯಲ್ಲಿ, ಹಾಗಾಗಿ ಇಂಜಿನ್ನಿಗೆ ಮೊದಲು ಸಿಗುವುದು ಆಯಿಲ್ ಇಲ್ಲದ ನೀರುಮಿಶ್ರಿತ ಎಥನಾಲ್. ನಿಂತರೆ ಅದೃಷ್ಟ, ಓಡಿದರೆ ಪಿಸ್ಟನ್ ಜಾಮ್. ಅನುಮಾನವಿದ್ದರೆ ಟ್ಯಾಂಕಿನದನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಇಡಿ. ಅಡಿಯಲ್ಲಿ ಬೇರೆ ಪದರ ಕಂಡರೆ, ಮಸುಕಾಗಿದ್ದರೆ ಆ ಪೆಟ್ರೋಲು ಬೇಡ. ನಾನು ಎರಡು ವಾರಕ್ಕೆ ಬೇಕಾದಷ್ಟೇ ಬೆರೆಸುವುದು. ಮಷೀನಿನ ಪುಸ್ತಕದಲ್ಲಿ 50:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್, 25:1 ಎಂದಿದ್ದರೆ 40. ಮುಚ್ಚಳದ ಅಳತೆ ನಂಬದೆ ಸಿರಿಂಜಿನಲ್ಲಿ ಅಳೆಯಿರಿ.

ಸ್ಕ್ರೂಗಳ ಸರದಿ ಈಗ. ಎಲ್ (ಕಡಿಮೆ ವೇಗದಲ್ಲಿ ಪೆಟ್ರೋಲು ಹದ ಮಾಡುವುದು), ಎಚ್ (ಹೆಚ್ಚು ವೇಗದಲ್ಲಿ) ಎರಡನ್ನೂ ಮೆಲ್ಲಗೆ ಪೂರ್ತಿ ಮುಚ್ಚಿ, ಒಂದೊಂದು ಸುತ್ತು ಮತ್ತು ಕಾಲು ಬಿಚ್ಚಿ ಶುರುಮಾಡಿ. ಬಿಗಿಯಾಗಿ ಒತ್ತಿದರೆ ತುದಿ ಹಾಳು. ಏರ್ ಫಿಲ್ಟರ್ ತೊಳೆದು ಹಾಕಿದ ಮೇಲೆ, ಇಂಜಿನ್ನು ಬಿಸಿಯಾದ ಮೇಲೆ ಟ್ಯೂನಿಂಗ್. ರೇಸ್ ಕೊಟ್ಟಾಗ ತಡವರಿಸಿದರೆ ಎಲ್ ಸ್ವಲ್ಪ ಬಿಚ್ಚಿ. ಎಚ್ ವಿಚಾರದಲ್ಲಿ ಜಿಪುಣತನ ಬೇಡ: ಕೀಚಲು ಧ್ವನಿಯಲ್ಲಿ ಕಿರುಚುವ ಇಂಜಿನ್ನು ಆಯಿಲ್ ಸಾಲದೆ ಬಿಸಿಯಾಗುತ್ತಿದೆ, ಕೆಲಸವಿಲ್ಲದೆ ಪೂರ್ತಿ ರೇಸಿನಲ್ಲಿ ಸ್ವಲ್ಪ ಒಡಕು ಸದ್ದು ಇರಲಿ. ಐಡಲಿನಲ್ಲಿ ಬ್ಲೇಡ್ ತಿರುಗಬಾರದು.

ಯಾವ ಸೆಟ್ಟಿಂಗಿಗೂ ಹದಕ್ಕೆ ಬಾರದೆ ತಾನಾಗಿ ರೇಸ್ ಏರಿ ಆಮೇಲೆ ಸಾಯುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಾರ್ಬೊರೇಟರನ್ನು ಇಂಜಿನ್ನಿಗೆ ಕೂರಿಸುವ ಎರಡು ಸ್ಕ್ರೂ ಬಿಗಿ ಮಾಡಿಯೂ ಹಾಗೇ ಇದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಸವೆದಿರಬಹುದು. ಅದಕ್ಕೆ ಇಂಜಿನ್ನು ಬಿಚ್ಚಬೇಕು, ಪುಲ್ಲರ್ ಬೇಕು. ಆ ಕೆಲಸ ವರ್ಕ್‌ಶಾಪಿಗೆ.