ಲ್ಯಾಬ್ರಡಾರ್‌ಗೂ ಪಾಮೇರಿಯನ್‌ಗೂ ಒಂದೇ ಕಡ್ಡಿ ಒಗ್ಗಲಿಲ್ಲ

ನಮ್ಮ ಮನೆಯಲ್ಲಿ ಸುಮಾರು 30 ಕಿಲೋ ತೂಗುವ ಲ್ಯಾಬ್ರಡಾರ್ ಮತ್ತು 4 ಕಿಲೋ ತೂಗುವ ಪಾಮೇರಿಯನ್ ಇವೆ. ನಾಯಿಗಳು ಅಗಿಯಲೆಂದು ಮಾರುವ ಚರ್ಮದ ಕಡ್ಡಿಗಳನ್ನು ಒಂದೇ ಪೊಟ್ಟಣದಿಂದ ಎರಡಕ್ಕೂ ಹಾಕುತ್ತಿದ್ದಾಗ, ದೊಡ್ಡದು ಅಗಿಯದೆ ನುಂಗಲು ಹೋಗಿ ಕೆಮ್ಮುತ್ತಿತ್ತು. ಚಿಕ್ಕದು ಒಮ್ಮೆ ಕಚ್ಚಿ ನೋಡಿ, ಸೋಫಾದ ಕಾಲಿಗೆ ಬಾಯಿ ಹಾಕುತ್ತಿತ್ತು.

ಈಗ ಎರಡಕ್ಕೂ ಅಗಿಯಲು ಬೇರೆ ಬೇರೆ ತಿನಿಸು ತರುತ್ತೇನೆ. ತಿನಿಸು ನಾಯಿಯ ಬಾಯಿಯ ಅಗಲಕ್ಕಿಂತ ಉದ್ದವಾಗಿರಬೇಕು, ಇಡಿಯಾಗಿ ಒಳಗೆ ಹೋಗುವಂತಿರಬಾರದು. ಗಟ್ಟಿತನವನ್ನು ಹೆಬ್ಬೆರಳಿನ ಉಗುರಿನಿಂದ ಪರೀಕ್ಷಿಸುತ್ತೇನೆ: ಒತ್ತಿದಾಗ ಸ್ವಲ್ಪವೂ ಗುರುತು ಬೀಳದಿದ್ದರೆ, ಅಂಥದ್ದನ್ನು ಬಲವಾಗಿ ಕಚ್ಚುವ ನಾಯಿಯ ಮೇಲ್ದವಡೆಯ ದೊಡ್ಡ ಹಲ್ಲು ಸೀಳುವ ಅಪಾಯವಿರುತ್ತದೆ. ಜಿಂಕೆ ಕೊಂಬು, ಗೊರಸು, ಮೂಳೆಗಳನ್ನು ಈ ಕಾರಣಕ್ಕೇ ಕೈಬಿಟ್ಟೆ. ಬೇಯಿಸಿದ ಕೋಳಿ ಮೂಳೆಯಂತೂ ಚೂಪಾಗಿ ಸಿಗಿದು ಕರುಳಿಗೆ ಚುಚ್ಚಬಹುದಾದ್ದರಿಂದ, ಅದನ್ನು ಯಾವ ಗಾತ್ರದ ನಾಯಿಗೂ ಕೊಡಬಾರದು.

ಲ್ಯಾಬ್ರಡಾರ್‌ಗೆ ಒಳಗೆ ಮೊಸರನ್ನ ತುಂಬಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿದ ದಪ್ಪ ರಬ್ಬರ್ ಆಟಿಕೆಯೇ ಚೆನ್ನಾಗಿ ಒಗ್ಗಿತು. ಪಾಮೇರಿಯನ್‌ಗೆ ಬಾಗುವಷ್ಟು ಮೆದುವಾದ, ತೆಳ್ಳನೆಯ ಕಡ್ಡಿ ಸಾಕು. ಆದರೆ ಅದರ ಪುಟ್ಟ ಹೊಟ್ಟೆಗೆ ಒಂದು ಕಡ್ಡಿಯೂ ದೊಡ್ಡ ಪಾಲೇ. ತಿನಿಸುಗಳೆಲ್ಲ ಸೇರಿ ದಿನದ ಕ್ಯಾಲೊರಿಯ ಶೇ. 10 ದಾಟಬಾರದೆಂಬುದು ಪಶುವೈದ್ಯರ ಸಾಮಾನ್ಯ ಸಲಹೆಯಾದ್ದರಿಂದ, ಕಡ್ಡಿ ಕೊಟ್ಟ ದಿನ ಅದರ ಊಟವನ್ನು ಸ್ವಲ್ಪ ಕಡಿಮೆ ಮಾಡುತ್ತೇನೆ.

ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸುವುದು ಅನಿವಾರ್ಯ. ಇಲ್ಲವಾದರೆ ಲ್ಯಾಬ್ರಡಾರ್ ಚಿಕ್ಕ ಕಡ್ಡಿಯನ್ನು ಕಸಿದು ಒಂದೇ ಗುಟುಕಿಗೆ ಮುಗಿಸುತ್ತದೆ. ಕಡ್ಡಿ ಸವೆದು ನುಂಗುವಷ್ಟು ಚಿಕ್ಕದಾದ ಕೂಡಲೇ, ಒಂದು ಬಿಸ್ಕತ್ತಿನ ಆಸೆ ತೋರಿಸಿ ತುಂಡನ್ನು ಬಾಯಿಂದ ಬಿಡಿಸಿಕೊಳ್ಳುತ್ತೇನೆ.